ಗಟ್ಟಿ ಜೀವ ಅನ್ನುವ ಮೊದಲು

ಪೆಟ್ಟು ತಿಂದರೂ ಚೇತರಿಸಿಕೊಳ್ಳುವ ಶಕ್ತಿಯನ್ನು ಹೇಳುವ ರೆಸಿಲಿಯನ್ಸ್ ಎಂಬ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಸುವ ಅನುವಾದ ‘ಸ್ಥಿತಿಸ್ಥಾಪಕತ್ವ’. ಭೌತಶಾಸ್ತ್ರದ ಪಾಠದಲ್ಲಿ ರಬ್ಬರ್ ಬ್ಯಾಂಡಿಗೆ ಅದು ಸರಿಹೊಂದುತ್ತದೆ: ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ. 50 ವರ್ಷ ಜೊತೆಗಿದ್ದ ಗಂಡನನ್ನು ಕಳೆದುಕೊಂಡ ಹೆಂಗಸು ಯಾವ ಮೊದಲಿನ ಆಕಾರಕ್ಕೆ ಬರಬೇಕು? ಸೊಂಟದ ಮೂಳೆ ಮುರಿದು ಕೂಡಿಸಿಕೊಂಡವರು, ಊರ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದವರು, ಇವರಿಗೆಲ್ಲ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಆಡುಮಾತಿನ ‘ಕಸುವು’ ಇದಕ್ಕೆ ಹೆಚ್ಚು ಹತ್ತಿರ. ಆ ಪದವನ್ನು ನಾವು ಮನುಷ್ಯರಿಗೆ ಹೇಗೋ ಹೊಲಕ್ಕೂ ಹಾಗೇ ಬಳಸುತ್ತೇವೆ. ಮಣ್ಣಿನ ಕಸುವು ಹುಟ್ಟುಗುಣದಿಂದ ಒಂದಿಷ್ಟು ಬಂದಿರುತ್ತದೆ, ಉಳಿದದ್ದು ಗೊಬ್ಬರ, ನೀರು, ಉಳುಮೆ. ಏನೂ ಹಾಕದೆ ವರ್ಷಾನುಗಟ್ಟಲೆ ಬೆಳೆ ತೆಗೆದರೆ ಎಂಥ ಎರೆಮಣ್ಣೂ ಸೋಲುತ್ತದೆ.

ಹಾಗಾಗಿ “ನಮ್ಮಜ್ಜಿ ಗಟ್ಟಿ ಜೀವ ಕಣ್ರೀ, ಅವ್ರಿಗೇನೂ ಆಗಲ್ಲ” ಎಂಬ ಮಾತು ಕೇಳಿದಾಗಲೆಲ್ಲ ಸ್ವಲ್ಪ ಅನುಮಾನ ಬರುತ್ತದೆ. ಹೊಗಳಿಕೆಯೇ ಹೌದು. ಆದರೆ ಆ ಮಾತು ಮುಗಿದ ಮೇಲೆ ಯಾರೂ ಏನೂ ಮಾಡಬೇಕಾಗಿಲ್ಲ ಎಂಬ ಅನುಕೂಲವೂ ಅದರಲ್ಲಿದೆ.

ವೃದ್ಧಾಶ್ರಮದಲ್ಲೋ ಆಸ್ಪತ್ರೆಯಲ್ಲೋ ಇರದೆ ತಮ್ಮ ಮನೆಯಲ್ಲಿ, ತಮ್ಮ ಬೀದಿಯಲ್ಲಿ ಬಾಳುವ ಹಿರಿಯರ ಕಸುವು ಎಲ್ಲಿರುತ್ತದೆ ಎಂದು ಹುಡುಕಿದರೆ ಅದು ಸಿಗುವುದು ತೀರಾ ಸಣ್ಣ ಕೆಲಸಗಳಲ್ಲಿ. ಬೆಳಿಗ್ಗೆ ಹಾಲು ತರುವುದನ್ನೇ ತೆಗೆದುಕೊಳ್ಳಿ. ಅದಕ್ಕಾಗಿ ಆರು ಗಂಟೆಗೆ ಏಳಬೇಕು. ಮುಖ ತೊಳೆದು, ಪಂಚೆ ಬದಲಿಸಿ, ಚಪ್ಪಲಿ ಮೆಟ್ಟಿ, ಎರಡು ಮೆಟ್ಟಿಲು ಇಳಿಯಬೇಕು. ಚಿಲ್ಲರೆ ಎಣಿಸಬೇಕು. ದಾರಿಯಲ್ಲಿ ಮೂರು ಜನಕ್ಕೆ ನಮಸ್ಕಾರ, ಬೂತಿನವನ ಜೊತೆ ಮಳೆಯ ಮಾತು, ಯಾರ ಮನೆಯಲ್ಲಿ ಯಾರು ಆಸ್ಪತ್ರೆ ಸೇರಿದರು ಎಂಬ ಸುದ್ದಿ. ಬಿಸಿಲು, ನಡಿಗೆ, ಲೆಕ್ಕ, ಮಾತು, ಹೊತ್ತಿಗೆ ಏಳುವ ಕಾರಣ, ಎಲ್ಲ ಒಂದು ಅರ್ಧ ಲೀಟರ್ ಪ್ಯಾಕೆಟ್ಟಿನೊಳಗಿದೆ. ಮಗಳು ಪ್ರೀತಿಯಿಂದ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತಾಳೆ, ಹಾಲು ಬಾಗಿಲ ಚಿಲಕಕ್ಕೆ ಬಂದು ನೇತಾಡುತ್ತದೆ. “ನಿಮಗ್ಯಾಕಪ್ಪ ಈ ಕಷ್ಟ?” ಮೂರು ತಿಂಗಳ ನಂತರ ಅಪ್ಪ ಎಂಟರವರೆಗೆ ಮಲಗಿರುತ್ತಾರೆ, ರಾತ್ರಿ ನಿದ್ದೆ ಬರುವುದಿಲ್ಲ, ಯಾಕೋ ಮಂಕಾಗಿದ್ದಾರೆ ಎಂದು ಮನೆಯವರಿಗೆ ಚಿಂತೆ.

ಕೆಲಸ ಕಷ್ಟವಾದಾಗ ಪೂರ್ತಿ ಕಿತ್ತುಕೊಳ್ಳುವ ಬದಲು ಅದರ ಯಾವ ತುಂಡು ಕಷ್ಟವಾಗಿದೆ ಎಂದು ನೋಡಬೇಕು. ಅಡುಗೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ತುಂಬಿದ ಕುಕ್ಕರ್ ಎತ್ತುವುದು, ಕುಂಬಳಕಾಯಿಯಂಥ ಗಟ್ಟಿ ತರಕಾರಿ ಹೆಚ್ಚುವುದು, ಮೇಲಿನ ಶೆಲ್ಫಿನ ಡಬ್ಬಿ. ಆ ಮೂರನ್ನು ತೆಗೆದುಕೊಂಡು ಹುಳಿಯ ಹದ, ಒಗ್ಗರಣೆ, ಉಪ್ಪು ಅಜ್ಜಿಯ ಕೈಯಲ್ಲೇ ಉಳಿಸಬಹುದು. ರಂಗೋಲಿಗೆ ಬಗ್ಗಲಾಗದಿದ್ದರೆ ದೇವರ ಮುಂದಿನ ಮಣೆಯ ಮೇಲೆ ನಾಲ್ಕು ಎಳೆ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು ಕುಳಿತು ಮಾಡುವ ಕೆಲಸಗಳು. ಆದರೆ ಆ ಹೂವು ನಿಜವಾಗಿ ದೇವರಿಗೆ ಏರಬೇಕು, ಆ ಸೊಪ್ಪು ಅಂದಿನ ಸಾರಿಗೆ ಬೀಳಬೇಕು. ಸುಮ್ಮನೆ ಹೊತ್ತು ಕಳೆಯಲು ಕೊಟ್ಟ ಕೆಲಸವನ್ನು ಹಿರಿಯರು ಎರಡೇ ದಿನದಲ್ಲಿ ಪತ್ತೆ ಹಚ್ಚುತ್ತಾರೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ದಂಪತಿ ಪಾಲ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ 1990ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಕಟ್ಟಿದರು. ಪಾಲ್ ಬಾಲ್ಟೆಸ್ ಕೊಡುತ್ತಿದ್ದ ಉದಾಹರಣೆ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರದು. 80 ದಾಟಿದ ಮೇಲೆ ಅವರು ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡರು, ಉಳಿಸಿಕೊಂಡವನ್ನು ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗ ಬರುವ ಮೊದಲು ಬೇಕೆಂದೇ ನಿಧಾನಿಸಿ ಆಮೇಲಿನದು ವೇಗವಾಗಿ ಕೇಳುವಂತೆ ಮಾಡಿದರು. ವರ್ಷಕ್ಕೆ ಆರು ಬಗೆ ಉಪ್ಪಿನಕಾಯಿ ಹಾಕುತ್ತಿದ್ದಾಕೆ ಈಗ ಮಾವಿನ ಮಿಡಿ ಒಂದನ್ನೇ ಹಾಕುತ್ತಾಳೆ, ಮಿಡಿ ಆರಿಸಲು ಎರಡು ದಿನ ತೆಗೆದುಕೊಳ್ಳುತ್ತಾಳೆ, ಭರಣಿ ಎತ್ತಲು ಮೊಮ್ಮಗನನ್ನು ಕೂಗುತ್ತಾಳೆ. ಎರಡೂ ಒಂದೇ ಉಪಾಯ.

ಮನಸ್ಸಿನ ಮಾತಾಡುವಾಗ ಕಿವಿ, ಕಾಲುಗಳ ಮಾತು ಯಾಕೆ ಎನ್ನಬಹುದು. ಬೇಸರವೆಂದು ನಾವು ಕರೆಯುವ ಎಷ್ಟೋ ಸಂಗತಿಗಳ ಬಾಗಿಲು ಅಲ್ಲೇ ಇದೆ. ಕಿವಿ ಮಂದವಾದವರು ಮೊದಲು ಗುಂಪಿನ ಮಾತಿನಿಂದ ಹಿಂದೆ ಸರಿಯುತ್ತಾರೆ, ಆಮೇಲೆ ಮದುವೆ ಮುಂಜಿಗೆ ಹೋಗುವುದು ಬಿಡುತ್ತಾರೆ, ಕೊನೆಗೆ “ನನ್ನನ್ನು ಯಾರೂ ಮಾತಾಡಿಸಲ್ಲ” ಎನ್ನುತ್ತಾರೆ. ಮಕ್ಕಳು ಸಾವಿರಾರು ರೂಪಾಯಿ ಕೊಟ್ಟು ತಂದ ಶ್ರವಣಯಂತ್ರ ಬೀರುವಿನಲ್ಲಿ ಬಿದ್ದಿರುತ್ತದೆ. ಕಾರಣ ಬಹಳ ಸಲ ಒಂದೇ: ತಂದ ವಾರವೇ ಅದನ್ನು ಹಾಕಿಸಿ ಕಲ್ಯಾಣಮಂಟಪಕ್ಕೆ ಕರೆದೊಯ್ದಿರುತ್ತಾರೆ. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮಿದುಳಿಗೆ ಪಾತ್ರೆ ಸದ್ದು, ನಾದಸ್ವರ, ಫ್ಯಾನು ಎಲ್ಲ ಒಟ್ಟಿಗೆ ನುಗ್ಗಿದರೆ ತಡೆಯುವುದಿಲ್ಲ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಟಿವಿ ಆರಿಸಿದ ಕೋಣೆಯಲ್ಲಿ, ಎದುರಿಗೆ ಒಬ್ಬರೇ ಕುಳಿತು ಮಾತು. ನಂತರ ಇಬ್ಬರು. ಆಮೇಲೆ ಬೀದಿ. ಒಗ್ಗಲು ಒಂದೆರಡು ತಿಂಗಳಾದರೂ ಬೇಕು, ನಡುವೆ ಒಂದು ಸಲ ಆಡಿಯಾಲಜಿಸ್ಟ್ ಬಳಿ ಹೋಗಿ ಸದ್ದಿನ ಮಟ್ಟ ತಿದ್ದಿಸಬೇಕು. ಗುಂಡಿ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ತಕ್ಷಣ ಯಂತ್ರಕ್ಕೆ ತುರುಕದೆ ಒಂದೆರಡು ನಿಮಿಷ ಗಾಳಿಗೆ ಬಿಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಾತ್ರಿ ಯಂತ್ರವನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡದಿದ್ದರೆ ತೇವ ಹಿಡಿದು ಕೆಡುತ್ತದೆ. ಕೊಳ್ಳುವ ಮೊದಲು ಕಿವಿಯ ಗುಗ್ಗೆ ತೆಗೆಸಿ ನೋಡಿ. ಕೆಲವರಿಗೆ ಅಷ್ಟೇ ಸಾಕಾಗಿರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಯಂತ್ರದ ಹೊಂದಿಕೆ ಎರಡೂ ಆಗುತ್ತವೆ, ಕನ್ನಡದಲ್ಲೇ.

ಕಾಲಿನ ಕತೆ ಬೀಳುವುದರಿಂದ ಶುರು. ಬಿದ್ದ ಪೆಟ್ಟಿಗಿಂತ ಬಿದ್ದೇನೆಂಬ ಹೆದರಿಕೆ ಹೆಚ್ಚು ದಿನ ಉಳಿಯುತ್ತದೆ. ಹೆದರಿ ಕೂತವರ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನಡೆಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಕಾಲಿನ ಸ್ನಾಯು ಹತ್ತಿರಹತ್ತಿರ ಒಂದು ಕಿಲೊ ಕರಗಿತ್ತು. ಹಾಗಾಗಿ “ಪೂರ್ತಿ ವಿಶ್ರಾಂತಿ ತಗೊಳ್ಳಿ” ಎಂಬುದು ವೈದ್ಯರು ಹೇಳಿದ್ದರೆ ಮಾತ್ರ. ಮನೆಯಲ್ಲೇ ಮಾಡಬಹುದಾದ ಒಂದು ಅಳತೆ ಇದೆ. ಕೈಯಿಲ್ಲದ ಕುರ್ಚಿ, ಸುಮಾರು 17 ಅಂಗುಲ ಎತ್ತರ, ಗೋಡೆಗೆ ಒರಗಿಸಿ. ಎರಡೂ ಕೈ ಎದೆಗೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಂದು ಎಣಿಸಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. 70ರಿಂದ 74ರ ಹೆಂಗಸರಲ್ಲಿ 10ಕ್ಕಿಂತ, ಗಂಡಸರಲ್ಲಿ 12ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಔಷಧಿಯೂ ಅದೇ ಕುರ್ಚಿ: ಒಂದು ಸಲಕ್ಕೆ 5, ದಿನಕ್ಕೆ ಮೂರು ಸಲ, ಮೊದಲು ಕೈ ಊರಿಕೊಂಡು, ನಿಧಾನವಾಗಿ ಕೈ ಬಿಟ್ಟು. ಬಿಪಿ ಮಾತ್ರೆ ನುಂಗುವವರು ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಲಿ. ಕಣ್ಣಿನ ಪೊರೆಯ ಆಪರೇಷನ್ನನ್ನು ಮುಂದಿನ ವರ್ಷಕ್ಕೆ ತಳ್ಳುವುದರಲ್ಲಿ ಲಾಭವೇನೂ ಇಲ್ಲ.

ಸಾವಿನ ವಿಷಯಕ್ಕೆ ಬರೋಣ.

ನಮ್ಮ ಮನೆಗಳಲ್ಲಿ ಸಾವಾದರೆ ಹನ್ನೊಂದೋ ಹದಿಮೂರೋ ದಿನ ಮನೆ ತುಂಬಾ ಜನ. ಹದಿನಾಲ್ಕನೆಯ ದಿನ ಶಾಮಿಯಾನ ಬಿಚ್ಚುತ್ತಾರೆ, ಬಾಡಿಗೆ ಕುರ್ಚಿ ಹೋಗುತ್ತವೆ, ಮಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆ ಸಂಜೆ ಎಷ್ಟು ದೊಡ್ಡದು ಎಂದು ಕ್ರಿಯಾವಿಧಿ ಕಟ್ಟಿದ ಹಿಂದಿನವರಿಗೆ ಗೊತ್ತಿದ್ದಿರಬೇಕು. ಮಾಸಿಕ, ವರ್ಷಾಂತಿಕ ಎಂದು ವರ್ಷವಿಡೀ ನಂಟರು ಮತ್ತೆ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವ ಏರ್ಪಾಟು ಅದರಲ್ಲಿದೆ. ಈಗ ಅನೇಕರು ಮಾಸಿಕಗಳನ್ನೆಲ್ಲ ಒಂದೇ ದಿನ ಮುಗಿಸಿಬಿಡುತ್ತಾರೆ. ಶಾಸ್ತ್ರ ಬೇಕೋ ಬೇಡವೋ ಅವರವರಿಗೆ ಬಿಟ್ಟದ್ದು. ಆದರೆ ತಿಂಗಳಿಗೊಮ್ಮೆ ಯಾರಾದರೂ ಬರುವ ಆ ಪಟ್ಟಿಯನ್ನು ಬೇರೆ ರೂಪದಲ್ಲಾದರೂ ಉಳಿಸಿಕೊಳ್ಳಬೇಕು. ಎರಡನೆಯ ತಿಂಗಳಿಗೆ ತಂಗಿ, ಮೂರನೆಯದಕ್ಕೆ ಮಗಳು ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸಾಕು.

ನೆದರ್‌ಲ್ಯಾಂಡ್ಸಿನ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬ ಮತ್ತು ಸ್ಕುಟ್ 1999ರಲ್ಲಿ ಹೇಳಿದ್ದು ಇಲ್ಲಿ ನೆನಪಿಗೆ ಬರುತ್ತದೆ. ದುಃಖದಲ್ಲಿರುವ ಮನಸ್ಸು ಉಯ್ಯಾಲೆಯಂತೆ ಆಡುತ್ತದೆ: ಒಂದು ಗಳಿಗೆ ಹೋದವರ ನೆನಪು, ಇನ್ನೊಂದು ಗಳಿಗೆ ಕರೆಂಟ್ ಬಿಲ್ಲು. ಎರಡೂ ಕಡೆ ಹೋಗಿಬರುವುದೇ ಆರೋಗ್ಯ. ಬೆಳಿಗ್ಗೆ ಅತ್ತ ಅಮ್ಮ ಸಂಜೆ ಸೀರಿಯಲ್ ನೋಡಿ ನಕ್ಕರೆ ತಪ್ಪಿಲ್ಲ. ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ವಯಸ್ಸಾದ ದಂಪತಿಗಳನ್ನು ಸಾವಿಗೆ ಮೊದಲೇ ಮಾತಾಡಿಸಿ, ಒಬ್ಬರು ತೀರಿಕೊಂಡ ಮೇಲೆ ಉಳಿದವರನ್ನು 6 ಮತ್ತು 18 ತಿಂಗಳಿಗೆ ಮತ್ತೆ ಕಂಡ ಅಧ್ಯಯನವೊಂದಿದೆ. ಜಾರ್ಜ್ ಬೊನಾನೊ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ 205 ಮಂದಿಯ ಪೈಕಿ ಅರ್ಧಕ್ಕೆ ಸಮೀಪ ಜನ ಉದ್ದಕ್ಕೂ ಖಿನ್ನತೆಗೆ ಬೀಳದೆ ದಿನ ದೂಡಿದ್ದರು. ಸುಮಾರು 10ರಲ್ಲಿ ಒಬ್ಬರು ಮೊದಲು ಖಿನ್ನರಾಗಿದ್ದು ಸಾವಿನ ನಂತರ ಸುಧಾರಿಸಿದ್ದರು. ವರ್ಷಗಟ್ಟಲೆ ಲಕ್ವ ಹೊಡೆದವರ ಆರೈಕೆ ಮಾಡಿದವರನ್ನು, ಕುಡುಕ ಗಂಡನ ಜೊತೆ ಏಗಿದವರನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಅತ್ತಿಲ್ಲ ಎಂದು ಯಾರನ್ನೂ ಅಳಿಸಲು ಹೋಗಬೇಡಿ.

ಉಳಿದುಹೋದ ಗಂಡಸಿಗೂ ಹೆಂಗಸಿಗೂ ಕಷ್ಟ ಬೇರೆ ಬೇರೆ ಕಡೆಯಿಂದ ಬರುತ್ತದೆ. ಗಂಡಸಿಗೆ ಅನ್ನ ಮಾಡಲು ಬಾರದು ಎಂಬುದು ಎಲ್ಲರಿಗೂ ಕಾಣುತ್ತದೆ. ನಂಟರ ಸುದ್ದಿ ಮನೆಗೆ ಬರುತ್ತಿದ್ದುದೇ ಹೆಂಡತಿಯ ಫೋನಿನಿಂದ ಎಂಬುದು ಕಾಣುವುದಿಲ್ಲ. ಆಕೆ ಹೋದಾಗ ಆ ತಂತಿಯೂ ಕಡಿಯುತ್ತದೆ. ಅನ್ನ, ಒಂದು ಸಾರು, ಒಂದು ಪಲ್ಯ ಕಲಿಸಿ, ಆಕೆಯ ಫೋನಿನಲ್ಲಿದ್ದ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಹೆಂಗಸಿಗೆ ಮೊದಲ ಗೋಡೆ ಕಾಗದಪತ್ರ: ಮರಣ ಪ್ರಮಾಣಪತ್ರದ ಹತ್ತು ಪ್ರತಿ, ಕುಟುಂಬ ಪಿಂಚಣಿ, ಬ್ಯಾಂಕಿನ ನಾಮಿನಿ, ಗ್ಯಾಸಿನ ಹೆಸರು ಬದಲಾವಣೆ, ನವೆಂಬರಿನ ಜೀವನ ಪ್ರಮಾಣಪತ್ರ. ಎರಡನೆಯದು ಇನ್ನೂ ಕ್ರೂರ. ನಿನ್ನೆಯವರೆಗೆ ಅರಿಶಿನ ಕುಂಕುಮಕ್ಕೆ, ಸೀಮಂತಕ್ಕೆ, ವರಮಹಾಲಕ್ಷ್ಮಿಗೆ ಕರೆಯುತ್ತಿದ್ದ ಮನೆಗಳು ಕರೆಯುವುದನ್ನು ನಿಲ್ಲಿಸುತ್ತವೆ. ಜೊತೆ ಅತ್ಯಂತ ಬೇಕಾದ ವರ್ಷದಲ್ಲೇ ಬೀದಿಯ ಹೆಂಗಸರ ಬಳಗದಿಂದ ಹೊರಗೆ. ಊರುಗೋಲು ಕಿತ್ತುಕೊಂಡು, ಅವಳು ಬೀಳದೆ ನಿಂತರೆ ಗಟ್ಟಿಗಿತ್ತಿ ಎನ್ನುವುದು ನಮ್ಮ ರೂಢಿ. ಮನೆಯ ಸೊಸೆಯೋ ಮಗಳೋ ಮೊದಲ ಹಬ್ಬಕ್ಕೇ ಅವರ ಕೈಗೆ ತಾಂಬೂಲ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದರೆ ಆಮಂತ್ರಣ ಕೊಡಲು ಅಂಜುವ ನೆರೆಯವರಿಗೂ ದಾರಿ ತೆರೆಯುತ್ತದೆ.

ಗಟ್ಟಿತನ ಮುಸುಕಾಗುವುದೂ ಉಂಟು. ನಮ್ಮ ಹಿರಿಯರು “ನನಗೆ ದುಃಖ” ಎಂದು ಹೇಳುವುದು ಅಪರೂಪ. ಎದೆ ಹಾರುತ್ತೆ, ಮೈಯೆಲ್ಲ ಉರಿ, ಕೈಕಾಲು ಸೆಳೆತ, ಹೊಟ್ಟೆ ಉಬ್ಬರ, ಬಾಯಿಗೆ ರುಚಿಯಿಲ್ಲ ಎನ್ನುತ್ತಾರೆ. ಇಸಿಜಿ, ಸ್ಕ್ಯಾನು ಎಲ್ಲ ಸರಿಯಿದ್ದು ದೂರು ಎರಡು ವಾರ ದಾಟಿದರೆ, ಜೊತೆಗೆ ಮೊಮ್ಮಕ್ಕಳು ಬಂದರೂ ಮುಖ ಅರಳದಿದ್ದರೆ ಖಿನ್ನತೆಯನ್ನು ನೆನೆಯಬೇಕು. ವೃದ್ಧರಿಗೆಂದೇ ಮಾಡಿದ 15 ಪ್ರಶ್ನೆಗಳ ಹೌದು-ಇಲ್ಲ ಪಟ್ಟಿಯೊಂದಿದೆ. 5ಕ್ಕಿಂತ ಹೆಚ್ಚು ಅಂಕ ಬಂದರೆ ವೈದ್ಯರನ್ನು ಕಾಣಿ ಎನ್ನುತ್ತದೆ. ವಯಸ್ಸಿನ ನೋವು ಲೆಕ್ಕ ತಪ್ಪಿಸದಿರಲಿ ಎಂದು ಅದರಲ್ಲಿ ದೇಹದ ದೂರುಗಳನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ. ಆದರೆ “ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ?” ಎಂಬ ಪ್ರಶ್ನೆಯೂ ಇದೆ. ಜೀವಮಾನವೆಲ್ಲ ಹೊಸ್ತಿಲೊಳಗೇ ಕಳೆದ ಅಜ್ಜಿ ಹೌದೆಂದರೆ ಅದು ಖಿನ್ನತೆಯ ಗುರುತೋ ಅಭ್ಯಾಸವೋ ಎಂದು ಕೇಳುವವರು ಯೋಚಿಸಬೇಕು.

ಮನೋವೈದ್ಯರಿಗಿಂತ ಮೊದಲು ಎರಡು ರಕ್ತಪರೀಕ್ಷೆ ಮಾಡಿಸಿ: ಥೈರಾಯ್ಡ್ ಮತ್ತು ಬಿ12. ಇವೆರಡರ ಕೊರತೆಯೂ ಮಂಕು, ಮರೆವಿನಂತೆಯೇ ಕಾಣುತ್ತದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯುವುದು ಹೆಚ್ಚು. ಇನ್ನೊಂದು, ದಿಂಬಿನ ಕೆಳಗಿನ ಅಲ್ಪ್ರಜೋಲಾಂ ಮಾತ್ರೆಯ ಪಟ್ಟಿ. ಯಾವಾಗಲೋ ಯಾರೋ ನಿದ್ದೆಗೆ ಬರೆದದ್ದು ಹತ್ತು ವರ್ಷ ನಡೆದಿರುತ್ತದೆ. ಅದು ರಾತ್ರಿ ಬೀಳಿಸುತ್ತದೆ, ಹಗಲು ಮರೆಸುತ್ತದೆ. ಹಾಗೆಂದು ದಿಢೀರನೆ ನಿಲ್ಲಿಸಿದರೆ ನಡುಕ, ಗಾಬರಿ, ಒಮ್ಮೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಲೆಕ್ಕದಲ್ಲಿ ವಾರವಾರ ಇಳಿಸಬೇಕು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು 4ರಿಂದ 6 ವಾರ ಬೇಕು, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಎರಡನೇ ವಾರಕ್ಕೇ “ಇದರಿಂದೇನೂ ಆಗಲಿಲ್ಲ” ಎಂದು ಬಿಡುವವರು ಬಹಳ. ಆ ಮೊದಲ ವಾರಗಳಲ್ಲಿ ತಲೆಸುತ್ತು, ಗೊಂದಲ ಕಂಡರೆ ಸೋಡಿಯಂ ಇಳಿದಿದೆಯೇ ಎಂದು ನೋಡಿಸಿ.

“ಯಾರಿಗೂ ಹೊರೆಯಾಗಬಾರದು” ಎಂಬ ಮಾತನ್ನು ಎಲ್ಲ ಹಿರಿಯರೂ ಆಡುತ್ತಾರೆ. ಅದು ದಿನಾ ಬರತೊಡಗಿದರೆ, ಮಾತ್ರೆ ಕೂಡಿಡುವುದು ಕಂಡರೆ, ಇದ್ದಕ್ಕಿದ್ದಂತೆ ಒಡವೆ ಹಂಚಿದರೆ ನೇರವಾಗಿ ಕೇಳಿ: ಸಾಯುವ ಯೋಚನೆ ಬರುತ್ತಿದೆಯೇ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಇಷ್ಟೆಲ್ಲ ಮನೆಯೊಳಗಿನದು. ಹೊರಗೆ ನಮಗಿದ್ದದ್ದು ಅಶ್ವತ್ಥಕಟ್ಟೆ, ಜಗಲಿ, ಭಜನೆ ಮಂಡಳಿ. ಹೊಸ ಬಡಾವಣೆಗಳಲ್ಲಿ ಅದನ್ನು ಮತ್ತೆ ಕಟ್ಟಲು ಹೊರಟವರು ಮಾಡುವ ಮೊದಲ ತಪ್ಪು ಉಪನ್ಯಾಸ. ಮೈಕು, ಶಾಲು, ಮುಖ್ಯ ಅತಿಥಿ, ಮಧುಮೇಹದ ಬಗ್ಗೆ ಒಂದು ಗಂಟೆ ಭಾಷಣ. ಮೂರನೇ ವಾರಕ್ಕೆ ಕುರ್ಚಿ ಖಾಲಿ. ನಡೆಯುವ ಗುಂಪುಗಳು ಸಣ್ಣವು, 6ರಿಂದ 10 ಜನ. ದಿನ, ಹೊತ್ತು ಬದಲಾಗುವುದಿಲ್ಲ. ಸಂಜೆ ನಾಲ್ಕೂವರೆ ಒಳ್ಳೆಯದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಒರಗಲು ಬೆನ್ನಿರುವ ಬೆಂಚು ಬೇಕು, ಹತ್ತಿರದಲ್ಲಿ ಶೌಚಾಲಯ ಬೇಕು. ಶೌಚಾಲಯವಿಲ್ಲದ್ದರಿಂದಲೇ ಎಷ್ಟೋ ಹೆಂಗಸರು ಬರುವುದಿಲ್ಲ, ಆ ಕಾರಣವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಕೈಗೆ ಏನಾದರೂ ಕೆಲಸವಿರಲಿ, ಚೌಕಾಬಾರ, ಹೂ, ತಾಳ. ರಾಜಕೀಯದ ಜಗಳ ಒಂದಿಬ್ಬರನ್ನು ಓಡಿಸುತ್ತದೆ, ಒಬ್ಬನೇ ಮಾತಾಡುವವನು ನಾಲ್ವರನ್ನು ಓಡಿಸುತ್ತಾನೆ. ಎಲ್ಲಕ್ಕಿಂತ ಮುಖ್ಯ, ಎರಡು ಸಲ ಬಾರದವರ ಮನೆಗೆ ಮೂರನೆಯ ದಿನ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಬಂದಿದೆ ಎಂಬುದು ಲೆಕ್ಕಕ್ಕಿಲ್ಲ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಶೂನ್ಯವಾಯಿತಲ್ಲ, ಅದರ ಬಗ್ಗೆ ಖಜಾನೆಯ ಲೆಕ್ಕವನ್ನಷ್ಟೇ ಚರ್ಚಿಸುತ್ತೇವೆ. ಮಗನ ಹತ್ತಿರ ಚಾರ್ಜು ಕೇಳದೆ ತಂಗಿಯ ಊರಿಗೆ ಹೋಗಿಬರುವ 68ರ ಹೆಂಗಸಿಗೆ ಅದು ಏನು ಮಾಡಿದೆ ಎಂಬುದನ್ನೂ ಒಂದು ಕಡೆ ಬರೆದಿಡಬೇಕು. ಸ್ವಂತ ಪರ್ಸಿನ ಮಾತೂ ಇದೇ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯೇ ಆಗಲಿ, ಅದು ಅವರ ಹೆಸರಿನ ಖಾತೆಯಲ್ಲಿ, ಅವರ ಕೈಯ ಪಾಸ್‌ಬುಕ್ಕಿನಲ್ಲಿರಲಿ. ಯುಪಿಐಗೆ ಸಣ್ಣ ಮೊತ್ತದ ಬೇರೆ ಖಾತೆ ಜೋಡಿಸಿ. ಪೊಲೀಸರ ಸೋಗಿನಲ್ಲಿ ಫೋನು ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವರ ಕೈಗೆ ಜೀವಮಾನದ ಉಳಿತಾಯ ಸಿಗಬಾರದು. ಮೋಸವಾದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಬೈದು ಫೋನು ಕಿತ್ತುಕೊಳ್ಳಬೇಡಿ, ಕಳೆದ ದುಡ್ಡಿಗಿಂತ ಅದು ಹೆಚ್ಚು ಕುಗ್ಗಿಸುತ್ತದೆ. ಮನೆಯನ್ನು ಮಕ್ಕಳ ಹೆಸರಿಗೆ ಬರೆಯುವುದಿದ್ದರೆ ದಾನಪತ್ರಕ್ಕಿಂತ ವಿಲ್ ಮೇಲು, ಬದುಕಿರುವವರೆಗೆ ಬದಲಿಸಬಹುದು. ದಾನಪತ್ರವೇ ಆಗಬೇಕೆಂದರೆ ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತು ಮುರಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯನ್ನು ಕೇಳಬಹುದು. ಊರ ಮನೆ ಮಾರಿ ಬೆಂಗಳೂರಿಗೋ ಕ್ಯಾಲಿಫೋರ್ನಿಯಾಕ್ಕೋ ಹೊರಡುವವರು ಮೊದಲು ಹಬ್ಬವಿಲ್ಲದ, ಮಕ್ಕಳು ಆಫೀಸಿಗೆ ಹೋಗುವ ಎರಡು ತಿಂಗಳು ಅಲ್ಲಿದ್ದು ನೋಡಲಿ. ಬೀಗದ ಕೈ ಒಂದು ವರ್ಷ ಸೊಂಟದಲ್ಲೇ ಇರಲಿ.

ದೂರದಲ್ಲಿರುವ ಮಕ್ಕಳು ದಿನಾ ಫೋನು ಮಾಡುತ್ತಾರೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬಿಪಿ ಎಷ್ಟಿತ್ತು. ಹಾಜರಿ ಕೂಗಿದಂತೆ. ಉತ್ತರವೂ ಹಾಗೇ: ಆಯ್ತು, ತಗೊಂಡೆ, ಸರಿಯಿದೆ. ಒಂದು ದಿನ ಆ ಮೂರನ್ನೂ ಬಿಟ್ಟು, ಹಾಗಲಕಾಯಿ ಗೊಜ್ಜು ಯಾಕೋ ಕಹಿಯಾಯ್ತು, ಏನು ಮಾಡಲಿ ಎಂದು ಕೇಳಿ ನೋಡಿ. ಆ ಕಡೆಯಿಂದ ಪ್ರಶ್ನೆಗಳು ಶುರುವಾಗುತ್ತವೆ. ಉಪ್ಪು ಸವರಿ ಎಷ್ಟು ಹೊತ್ತು ಇಟ್ಟಿದ್ದೆ? ಹುಣಸೆ ಹೊಸದೋ ಹಳೆಯದೋ? ಬೆಲ್ಲ ಯಾವಾಗ ಹಾಕಿದೆ, ಕುದಿಯೋಕೆ ಮುಂಚೆಯೋ ಆಮೇಲೋ?